ಐದು ಬಾಲದ ಹಗ್ಗ

ನಮ್ಮೂರಿನ ಹೆಂಗಸರು ನಾಟಕಕ್ಕೆ ಹೊರಟರೆ ಉಡಿಯಲ್ಲಿ ಶೇಂಗಾ ಕಟ್ಟಿಕೊಂಡೇ ಹೋಗುತ್ತಾರೆ. ತಿನ್ನುವುದಕ್ಕಲ್ಲ, ಸುಲಿಯುವುದಕ್ಕೆ. ಪರದೆ ಯಾವಾಗ ಏಳುತ್ತದೋ ಯಾರಿಗೆ ಗೊತ್ತು, ಸುಮ್ಮನೆ ಕೂತು ಕೈ ಯಾಕೆ ಖಾಲಿ ಬಿಡಬೇಕು ಎನ್ನುವುದು ಅವರ ಮಾತು. ಒಮ್ಮೆ ಚೀಲಗಟ್ಟಲೆ ಶೇಂಗಾ ಸುಲಿದು ಮುಗಿದರೂ ಪರದೆ ಏಳಲಿಲ್ಲ. ಆಗ ಪರದೆ ಎಳೆಯುವ ಕಮಿಟಿಯಲ್ಲಿದ್ದ ಒಬ್ಬರಿಗೆ, ಆ ನಾಟಕದಲ್ಲಿ ರಾಜನಾಗಿದ್ದ ತಮ್ಮ ಷಡ್ಡಕ ಚಪ್ಪಾಳೆ ಗಿಟ್ಟಿಸುವುದು ಬೇಕಿರಲಿಲ್ಲವಂತೆ. ಇದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅವರು ಸಾಯುವಾಗ ತಾವಾಗಿ ಹೇಳಿದ್ದರಿಂದ. ಅವತ್ತಿನ ದಿನ ಯಾರೂ ಕೇಳಿರಲಿಲ್ಲ. ಕೇಳಬಾರದು.

ನಮ್ಮ ನಾಟಕ ಕಂಪನಿಯ ಪರದೆಯ ಹಗ್ಗಕ್ಕೆ ಐದು ಬಾಲ. ಮೇಲಿನಿಂದ ತೋಳುದಪ್ಪ ಬಂದ ಹಗ್ಗ ಎದೆಮಟ್ಟಕ್ಕೆ ಬಂದು ಐದಾಗಿ ಕವಲೊಡೆಯುತ್ತದೆ. ಕಮಿಟಿಯ ಐದು ಮಂದಿ ಒಂದೊಂದು ಬಾಲ ಹಿಡಿದು ಎಳೆಯಬೇಕು. ಐವರಿಗೂ ಆ ನಾಟಕ ಮನಸ್ಸಿನಿಂದ ಬೇಕಾಗಿದ್ದರೆ, ಬಾವಿಯಿಂದ ಅರ್ಧ ಕೊಡ ನೀರು ಸೇದಿದಷ್ಟು ಹಗುರ. ಒಬ್ಬರ ಹೊಟ್ಟೆಯಲ್ಲಾದರೂ ಒಲ್ಲೆ ಎನ್ನುವುದಿದ್ದರೆ ಹತ್ತು ಜೋಡಿ ಎತ್ತು ಕಟ್ಟಿದರೂ ಅಲುಗುವುದಿಲ್ಲ. ಯಾರೋ ಬುದ್ಧಿವಂತರು ಒಂದು ಸಲ ಟ್ರ್ಯಾಕ್ಟರ್ ತಂದು ಕಟ್ಟಿದರು. ಗೋಡೆ ಬಿರುಕು ಬಿಟ್ಟಿತು, ಪರದೆ ಇದ್ದಲ್ಲೇ ಇತ್ತು. ಆ ಬಿರುಕಿನ ಮೇಲೆ ಈಗ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಮೂರು ಸಲ ಎಳೆಯಬಹುದು. ಮೊದಲ ಸಲ ಏಳದಿದ್ದರೆ ಐವರೂ ಬಣ್ಣದ ಕೋಣೆಗೆ ಹೋಗಿ ಹಂಡೆಯ ನೀರಿನಲ್ಲಿ ಮುಖ ತೊಳೆದುಕೊಂಡು ಬರುತ್ತಾರೆ. ಮನಸ್ಸಿಗೆ ಹತ್ತಿದ್ದು ಹೋಗಲಿ ಎಂದು. ಯಾರಿಂದ ನಿಂತಿತು ಎಂದು ಕೇಳುವುದು ನಮ್ಮೂರಿನಲ್ಲಿ ಊಟಕ್ಕೆ ಕೂತವರ ಎಲೆ ಎಳೆದಷ್ಟು ಕೆಟ್ಟದ್ದು. ಮೂರನೆಯದಕ್ಕೂ ಏಳದಿದ್ದರೆ ಜನ ಶೇಂಗಾ ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಮೊದಲ ದಿನವೇ ಹೀಗೆ ನಿಂತ ನಾಟಕವನ್ನು ಮತ್ತೆ ಹೂಡುವುದಿಲ್ಲ. ಅದರ ಉಡುಪುಗಳ ಹೊಲಿಗೆ ಬಿಚ್ಚಿ ಬೇರೆ ನಾಟಕಕ್ಕೆ ಹೊಲಿದುಬಿಡುತ್ತಾರೆ. ಬಾಗಿಲ ಹೊರಗೆ ಮಿರ್ಚಿ ಭಜಿ ಕರಿಯುವ ಕಲ್ಲವ್ವನಿಗೆ ಮಾತ್ರ ಪರದೆ ನಿಂತಷ್ಟು ವ್ಯಾಪಾರ. "ಕಲ್ಲವ್ವಾ, ಇವತ್ತ ಯಾ ದೇವರಿಗೆ ಹರಕಿ ಹೊತ್ತಿ?" ಎಂದು ಒಳಗೆ ಹೋಗುವವರೆಲ್ಲ ಅವಳನ್ನು ಚುಡಾಯಿಸುತ್ತಾರೆ.

ಇಂಥ ಕಮಿಟಿಗೆ ಜನರನ್ನು ಆರಿಸುವಾಗ ಊರವರು ಹಣ, ಹೊಲ ನೋಡುವುದಿಲ್ಲ. ಸುಳ್ಳು ಹೇಳಲು ಬಾರದವರನ್ನು ಹುಡುಕುತ್ತಾರೆ. ಹೋದ ವರ್ಷ ಒಂದು ಜಾಗ ಖಾಲಿಯಾದಾಗ ಅಧ್ಯಕ್ಷೆ ಪಾರ್ವತವ್ವ ನನ್ನ ಹೆಸರು ಹೇಳಿದರು. ಅವರು ಊರಿನ ಸೂಲಗಿತ್ತಿ. ಅರ್ಧ ಊರನ್ನು ಹುಟ್ಟಿದ ಗಳಿಗೆಯಲ್ಲೇ ತಮ್ಮ ಕೈಯಲ್ಲಿ ಹಿಡಿದು ಅಳಿಸಿದವರು. "ಕಂಪೌಂಡರ್ ಫಕೀರಪ್ಪನ ಮಾರಿ ನೋಡ್ರಿ, ಹೊಟ್ಟ್ಯಾಗ ಇದ್ದದ್ದೆಲ್ಲಾ ಮ್ಯಾಲ ತೇಲತೈತಿ" ಎಂದರಂತೆ. ಅದು ಹೊಗಳಿಕೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಹಗಲು ದವಾಖಾನೆಯಲ್ಲಿ ಬಾಟಲಿ ತೊಳೆಯುತ್ತ, ಸಂಜೆಶಾಲೆಯಲ್ಲಿ ನನಗಿಂತ ಚಿಕ್ಕ ವಯಸ್ಸಿನ ಮಾಸ್ತರರ ಮುಂದೆ ಬೆಂಚಿನ ಮೇಲೆ ಕೂತು ಕಲಿತವನು. ಸಂಜೆ ಕಲಿತದ್ದಕ್ಕೋ ಏನೋ, ನನ್ನ ವಿದ್ಯೆಯ ಮೇಲೆ ನನಗೆ ಯಾವಾಗಲೂ ಮಬ್ಬು ಬೆಳಕೇ. ಗುಳಿಗೆ ಕೊಡುವ ಮುಂಚೆ ಚೀಟಿ ನೋಡುತ್ತೇನೆ, ಗುಳಿಗೆ ನೋಡುತ್ತೇನೆ, ಮತ್ತೆ ಚೀಟಿ ನೋಡುತ್ತೇನೆ. ಅರ್ಧ ದಾರಿಗೆ ಬಂದು ಕಪಾಟಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿದ್ದೂ ಉಂಟು. ಇಂಥವನ ಕೈಗೆ ಪರದೆಯ ಹಗ್ಗ ಕೊಟ್ಟರು. ಮೊದಲ ನಾಟಕದ ದಿನ ಪರದೆ ಸರ್ರನೆ ಎದ್ದಾಗ ನಾನು ಅಳುವುದೊಂದು ಬಾಕಿ ಇತ್ತು.

ಸೇವಂತಕ್ಕನ ವಿಷಯ ಶುರುವಾದದ್ದು ದವಾಖಾನೆಯಲ್ಲಿ. ಸೇವಂತಿಬಾಯಿ ಕಂಪನಿಯಲ್ಲಿ ಹುಡುಗಿಯಾಗಿದ್ದಾಗಿನಿಂದ ದಾಸಿಯ ಪಾತ್ರ ಮಾಡಿಕೊಂಡು ಬಂದವರು. ಯಾವ ನಾಟಕವಾದರೂ ಸರಿ, ರಾಣಿಯ ಪಕ್ಕದಲ್ಲಿ ತಂಬಿಗೆ ಹಿಡಿದು ನಿಲ್ಲುವುದು, "ಅಪ್ಪಣೆ, ಮಹಾರಾಣಿ" ಎನ್ನುವುದು, ಹಿಂದಕ್ಕೆ ಸರಿಯುತ್ತ ಹೋಗುವುದು. ಸೊಂಟ ತುಸು ಬಾಗಿ, ಕಣ್ಣು ರಾಣಿಯ ಪಾದದ ಮೇಲಿಟ್ಟು ಅವರು ನಿಲ್ಲುತ್ತಿದ್ದ ರೀತಿಯನ್ನು ನಮ್ಮೂರಿನ ಮಕ್ಕಳು ಆಟದಲ್ಲಿ ಅನುಕರಿಸುತ್ತವೆ. ಆದರೆ ಪರದೆಯ ಹಿಂದೆ ಅವರು ಹಾಡುವುದನ್ನು ಕೇಳಿದವರಿಗೆಲ್ಲ ಗೊತ್ತು, ಕಂಪನಿಯ ಯಾವ ರಾಣಿಗೂ ಆ ಕಂಠವಿರಲಿಲ್ಲ.

ಒಂದು ದಿನ ಡಾಕ್ಟರರು ಅವರ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಿಟಕಿಗೆ ಕಳಿಸಿದರು. ನಾನು ಗುಳಿಗೆ ಕಟ್ಟಿಕೊಡುತ್ತ, "ಎದಿ ಹಿಡದಾಗ ನಾಲಿಗಿ ಕೆಳಗ ಇಟಗೋಬೇಕಕ್ಕಾ. ಭಾರ ಎತ್ತಬ್ಯಾಡ್ರಿ. ಏರು ದನಿಲೆ ಹಾಡಬ್ಯಾಡ್ರಿ" ಎಂದೆ.

"ದಾಸಿಗೆ ಯಾವ ಹಾಡು ಐತೋ ತಮ್ಮಾ" ಎಂದು ನಕ್ಕರು. ಆಮೇಲೆ ಕಿಟಕಿಯೊಳಗೆ ಮುಖ ತಂದು, "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು.

"ದವಾಖಾನಿ ಮಾತು ಹೊರಗ ಹೋಗಂಗಿಲ್ಲಕ್ಕಾ."

ಆಗ ಅದು ಸುಲಭದ ಮಾತಾಗಿತ್ತು. ದಾಸಿಗೆ ಹಾಡಿರಲಿಲ್ಲ. ಆದರೆ ಸುಗ್ಗಿ ಮುಗಿಯುವಷ್ಟರಲ್ಲಿ ರಾಣಿಯ ಪಾತ್ರದವಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಹೊಸ ನಾಟಕ ಸಿದ್ಧವಾಗಿತ್ತು. ಮುತ್ತಿಗೆಗೆ ಸಿಕ್ಕ ಕೋಟೆಯ ರಾಣಿಯ ಕಥೆ ಅದು. ಕೊನೆಯ ದೃಶ್ಯದಲ್ಲಿ ಎಲ್ಲರೂ ಓಡಿಹೋಗಿ ರಾಣಿ ಒಬ್ಬಳೇ ಕೊತ್ತಲದ ಮೇಲೆ ನಿಂತು "ಯಾರಲ್ಲಿ?" ಎಂದು ಕೂಗುತ್ತಾಳೆ. ಯಾರೂ ಬರುವುದಿಲ್ಲ. ಆಗ ಅವಳು ಒಂದು ದೊಡ್ಡ ಹಾಡು ಹಾಡುತ್ತಾಳೆ, ಪರದೆ ಬೀಳುತ್ತದೆ.

ಕಮಿಟಿ ಕೂತಾಗ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ದತ್ತೋಬಾ ಮಾಸ್ತರರು, "ನಮ್ಮ ಸೇವಂತಿಬಾಯಿ ಇರೂವಾಗ ಬ್ಯಾರೆ ಯಾಕ?" ಎಂದರು. ಕಾಳಿನ ವ್ಯಾಪಾರಿ ಚನ್ನವೀರಪ್ಪನವರು ತೊಡೆ ತಟ್ಟಿ, "ಇಷ್ಟ ವರ್ಷ ತಂಬಗಿ ಹಿಡಿಸಿ ನಾವ ಪಾಪಾ ಕಟಗೊಂಡೇವಿ" ಎಂದರು. ಕಂಪನಿಯ ಬಟ್ಟೆ ಹೊಲಿಯುವ ಬಾಬುಸಾಬರು, ಪಾರ್ವತವ್ವ, ಇಬ್ಬರೂ ಕೈ ಎತ್ತಿದರು. ನಾನೂ ಎತ್ತಿದೆ. ಎಲ್ಲರಿಗಿಂತ ತಡವಾಗಿ ಎತ್ತಿದೆ. ಹೇಳುವಂತಿರಲಿಲ್ಲ, ಹೇಳದೆ ಇರುವಂತೆಯೂ ಇರಲಿಲ್ಲ. ಮರುದಿನ ಸೇವಂತಕ್ಕ ಕಿಟಕಿಗೆ ಬಂದು ನನ್ನ ಮುಖವನ್ನೇ ನೋಡಿದರು. ನಾನು ಗುಳಿಗೆ ಕೊಟ್ಟೆ. ಅವರ ಕಿವಿಯಲ್ಲಿ ಹೊಸ ಬೆಂಡೋಲೆ ಇತ್ತು.

ನಾಟಕದ ದಿನ ಕಮಿಟಿಯವರ ಮನೆಯಲ್ಲಿ ಯಾರೂ ಎತ್ತರದ ದನಿಯಲ್ಲಿ ಮಾತಾಡುವುದಿಲ್ಲ. ಅಂಗಡಿಯವರು ನಮಗೆ ಇಲ್ಲ ಎನ್ನುವುದಿಲ್ಲ. ಬೀದಿಯ ನಾಯಿಯನ್ನೂ ನಮ್ಮ ದಾರಿಗೆ ಅಡ್ಡ ಬಿಡುವುದಿಲ್ಲ. ನನ್ನ ಹೆಂಡತಿ ನಿಂಗವ್ವ ಅವತ್ತು ಬದನೆಕಾಯಿಯ ಎಣಗಾಯಿ ಮಾಡಿದ್ದಳು. ನಾನು ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಿದ್ದು ನೋಡಿ, "ಏನಾಗೈತಿ ನಿಮಗ?" ಎಂದಳು.

"ಏನಿಲ್ಲ."

"ಏನಿಲ್ಲ ಅನ್ನೂ ಮಾರಿ ಅಲ್ಲ ಅದು. ನೋಡ್ರಿ, ಇವತ್ತ ಪರದೆ ನಿಂತ್ರ ಊರು ಮೊದಲ ನಿಮ್ಮನ್ನ ನೋಡತೈತಿ. ಹೊಸಬರು ನೀವ." ಇನ್ನೊಂದು ಸೌಟು ಎಣಗಾಯಿ ಬಡಿಸುತ್ತ, "ಆ ಸೇವಂತಕ್ಕ ಮುಂಜಾನೆ ಗುಡಿಗೆ ಬಂದಿದ್ದಳು. ದೇವರ ಮುಂದ ನಿಂತು ಏನ ಬೇಡಕೊಂಡ್ಲು ಗೊತ್ತೇನು? ಪರದೆ ಒಂದ ಏಳಲಿ, ಆಮ್ಯಾಲಿಂದು ನಾ ನೋಡಕೋತೀನಿ ಅಂದ್ಲು. ಎಲ್ಲಾರಿಗೂ ಕೇಳೂಹಂಗ" ಎಂದಳು.

ನಾನು ತಟ್ಟೆ ಸರಿಸಿ ಎದ್ದೆ. ಹೋಗುವಾಗ ಅಂಗಿಯ ಕಿಸೆಯಲ್ಲಿ ಆ ಗುಳಿಗೆಯ ಪೊಟ್ಟಣ ಇಟ್ಟುಕೊಂಡೆ. ಓಣಿಯ ತಿರುವಿನಲ್ಲಿ ನಿಂತು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ರಂಗದ ಮೆಟ್ಟಿಲ ಹತ್ತಿರ ಮತ್ತೊಮ್ಮೆ.

ಹೊತ್ತು ಇಳಿಯುವ ಮೊದಲೇ ಮಂದಿ ತುಂಬಿತ್ತು. ಸೇವಂತಿ ರಾಣಿಯಾಗುತ್ತಾಳೆ ಎಂದರೆ ಯಾರಿಗೆ ತಾನೇ ನೋಡಬೇಕೆನಿಸದು. ರಂಗದ ಪಕ್ಕದಲ್ಲಿ ಮಂದಿಗೆ ಕಾಣದ ರೆಕ್ಕೆಯಲ್ಲಿ ನಾವು ಐವರೂ ಬಾಲ ಹಿಡಿದು ನಿಂತೆವು. ಪಾರ್ವತವ್ವ, "ಹೂಂ" ಎಂದರು. ಎಳೆದೆವು.

ಏಳಲಿಲ್ಲ. ಬಂಡೆಗೆ ಕಟ್ಟಿದ ಹಗ್ಗ ಎಳೆದಂತೆ ನನ್ನ ಅಂಗೈ ಜಾರಿತು. ಪರದೆಯ ಆಚೆ ಶೇಂಗಾ ಸಿಪ್ಪೆಯ ಚಟಚಟ ಸದ್ದು ಶುರುವಾಯಿತು. ನಮ್ಮೂರಿನಲ್ಲಿ ಅದಕ್ಕಿಂತ ಕೆಟ್ಟ ಸದ್ದು ಇನ್ನೊಂದಿಲ್ಲ.

ನಾವು ಒಬ್ಬರ ಮುಖ ಒಬ್ಬರು ನೋಡದೆ ಬಣ್ಣದ ಕೋಣೆಗೆ ಹೋದೆವು. ಅಲ್ಲಿ ಸೇವಂತಕ್ಕ ರಾಣಿಯ ಉಡುಪಿನಲ್ಲಿ ಮೂಲೆಯ ಬಟ್ಟೆ ಪೆಟ್ಟಿಗೆಯ ಮೇಲೆ ಕೂತಿದ್ದರು. ಹಸಿರು ಜರಿಯ ಸೀರೆ, ತಲೆಯ ಮೇಲೆ ಕಿರೀಟ. ಅವರು ನಮ್ಮ ಕಡೆ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ ಎಂದು ಕನ್ನಡಿಯ ಕಡೆ ತಿರುಗಿಕೊಂಡರು. ನಾನು ಮುಖಕ್ಕೆ ನೀರು ಎರಚಿಕೊಂಡೆ. ಇದು ನನ್ನಿಂದಲೇ ಎಂದು ನನಗೆ ಸಂಶಯವೇ ಇರಲಿಲ್ಲ. ಅವರು ಹಾಡಲಿ, ಅವರು ಹಾಡಲಿ, ಅವರು ಹಾಡಲಿ ಎಂದು ಮಗ್ಗಿಯಂತೆ ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಂಡಷ್ಟೂ ಡಾಕ್ಟರರ ನಳಿಗೆ, ಅವರ ಬಹಳ ಹೊತ್ತಿನ ಮೌನ ನೆನಪಾಯಿತು.

ಎರಡನೆಯ ಸಲ ಎಳೆದೆವು. ಅಲುಗಲಿಲ್ಲ. ಹೊರಗೆ ಯಾರೋ, "ಕಲ್ಲವ್ವಾ, ಇನ್ನೊಂದು ಗಾಣಾ ಎಣ್ಣಿ ಕಾಸು!" ಎಂದು ಕೂಗಿದರು. ಮಂದಿ ನಕ್ಕಿತು. ಚನ್ನವೀರಪ್ಪನವರು ಧೋತರದ ಚುಂಗಿನಿಂದ ಕುತ್ತಿಗೆ ಒರೆಸಿಕೊಂಡರು.

ನನಗೆ ತಡೆಯಲಾಗಲಿಲ್ಲ. ಮೂರನೆಯ ಎಳೆತಕ್ಕೆ ಮುಂಚೆ ನಾನು ಬಾಲ ಬಿಟ್ಟು, "ನಾನ್ರೀ" ಎಂದೆ.

ಪಾರ್ವತವ್ವ ಕಣ್ಣು ದೊಡ್ಡದು ಮಾಡಿದರು. "ಕಂಪೌಂಡರ್, ಬಾಯಿ ಮುಚ್ಚು. ಯಾರೂ ಕೇಳಿಲ್ಲ ನಿನ್ನ."

"ಕೇಳದಿದ್ರೂ ಹೇಳತೀನ್ರಿ. ನನ್ನಿಂದನ ನಿಂತೈತಿ. ನನ್ನ ತಗದು ಬ್ಯಾರೆಯವರ ಕೈಗೆ ಕೊಡ್ರಿ ಹಗ್ಗಾ. ಯಾಕ ಅಂತ ಮಾತ್ರ ಕೇಳಬ್ಯಾಡ್ರಿ."

ದತ್ತೋಬಾ ಮಾಸ್ತರರು ತಮ್ಮ ಬಾಲವನ್ನು ಮೆಲ್ಲಗೆ ಕೆಳಗೆ ಬಿಟ್ಟರು. "ನೀ ಅಲ್ಲೋ ಮಾರಾಯಾ, ನಾನು. ತಾಲೀಮಿನ್ಯಾಗ ದಿನಾ ಕೇಳೇನಿ. ಸ್ವರ ಮ್ಯಾಲ ಹೋದಲ್ಲೆ ಆಕಿ ಉಸುರು ಹರೀತೈತಿ. ಕಲಿಯೂದು ಕಡಿಮಿ ಆದ್ರ ಹಂಗ ಹರಿಯೂದಿಲ್ಲ. ಆಕಿ ಎದ್ಯಾಗ ಏನೋ ಐತಿ."

ಬಾಬುಸಾಬರು ತಲೆ ಕೆರೆದುಕೊಂಡರು. "ತೋಬಾ. ನಾ ನಂದ ಅಂತ ತಿಳಕೊಂಡಿದ್ದೆ. ಕುಪ್ಪಸಾ ಸಡಿಲ ಮಾಡು, ಗುಂಡಿ ಮುಂದ ಹಚ್ಚು, ಕೈಗೆ ಲಗೂನ ಸಿಗಬೇಕು ಅಂದಿದ್ದಳು. ಯಾಕ ಬಾಯಾರ ಅಂದ್ರ ನಕ್ಕಳು. ಆ ನಗಿ ನನಗ ಸೇರಲಿಲ್ಲ."

"ನಮ್ಮ ಅಟ್ಟದಾಗ ಬಟ್ಟಿ ಪೆಟಗಿ ತರಾಕ ಬಂದಾಗ," ಎಂದು ಚನ್ನವೀರಪ್ಪನವರು ಶುರುಮಾಡಿದರು. ಅಷ್ಟು ದೊಡ್ಡ ದನಿಯವರು ಪಿಸುಗುಟ್ಟುತ್ತಿದ್ದರು. "ಮೆಟ್ಟಲ ಮ್ಯಾಲ ಮೂರ ಕಡೆ ಕುಂತಳು. ನಾ ಕಂಡೂ ಕಾಣದಂಗ ಹೊಳ್ಳಿ ನಿಂತೆ. ಕಮಿಟ್ಯಾಗ ಎಲ್ಲಾರಿಗಿಂತ ಜೋರು ತೊಡಿ ತಟ್ಟಿದವ ನಾನ."

ಎಲ್ಲರೂ ಪಾರ್ವತವ್ವನ ಕಡೆ ನೋಡಿದೆವು. "ಎಷ್ಟ ಮಂದಿ ಬಸುರಿ ಹೆಂಗಸರ ಮಣಿಕಟ್ಟು ಹಿಡದೇನಿ ನಾನು. ಯುಗಾದಿ ದಿನ ಆಕಿ ಕೈ ಹಿಡದು ಎಬ್ಬಿಸಿದೆ. ನಾಡಿ ನಿಂತು ನಿಂತು ನಡೀತಿತ್ತು. ಅಂದಿನಿಂದ ನನಗ ನಿದ್ದಿ ಇಲ್ಲ" ಎಂದರು.

ಹೀಗಿತ್ತು ನಮ್ಮ ಕಮಿಟಿ. ಐವರೂ ಒಂದೇ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಾನೊಬ್ಬನೇ ಕಳ್ಳ ಎಂದುಕೊಂಡು, ಮುಖ ತೊಳೆದು ಬಂದಿದ್ದೆವು. ಯಾರೂ ಯಾರನ್ನೂ ಕೇಳಬಾರದಲ್ಲ.

"ಹಂಗಾದ್ರ ಮಂದೀನ ಮನಿಗೆ ಕಳಸೂಣು," ಎಂದರು ಚನ್ನವೀರಪ್ಪನವರು. "ಜೀವಕ್ಕಿಂತ ನಾಟಕ ದೊಡ್ಡದಲ್ಲ."

"ಯಾರ ಜೀವಕ್ಕ?"

ಬಣ್ಣದ ಕೋಣೆಯ ಬಾಗಿಲಲ್ಲಿ ಸೇವಂತಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಕಣ್ಣು ಮೊದಲು ನನ್ನ ಮೇಲೆ ಬಿತ್ತು. ನಾನು ಕೈ ಮುಗಿದು, "ನಾ ಏನೂ ಹೇಳಿಲ್ಲಕ್ಕಾ" ಎಂದೆ.

"ಗೊತ್ತು ಬಿಡು, ಕೇಳಿಸಿಕೊಂಡೆ." ಅವರು ನಮ್ಮ ಹತ್ತಿರ ಬಂದರು. "ಎದಿ ನಂದು. ಅದು ಎಷ್ಟ ನಡದೀತು ಅಂತ ಡಾಕ್ಟರ್ ನನಗ ಹೇಳ್ಯಾನ. ಮನ್ಯಾಗ ಸುಮ್ಮನ ಕುಂತ್ರೂ ನಿಂದ್ರೂದು ನಿಂದರತೈತಿ. ತಂಬಗಿ ಹಿಡಕೊಂಡು ನಿಂತಾಗ ನನ್ನ ಎದಿ ಬಗ್ಗೆ ಯಾರೂ ಕಮಿಟಿ ಮಾಡಲಿಲ್ಲ. ಭಾರದ ತಂಬಗಿ ಅದು, ಹಿತ್ತಾಳಿದು. ಈಗ ಕಿರೀಟ ಇಟಗೊಂಡೇನಿ, ಐದೂ ಮಂದಿಗೆ ನನ್ನ ನಾಡಿ ಕೇಳಸಾಕ ಹತ್ತೈತಿ."

"ಸೇವಂತೀ, ಹಂಗಲ್ಲವಾ," ಎಂದರು ಪಾರ್ವತವ್ವ.

"ಹಂಗ ಐತಿ. ಅಂಜಿಕಿ ನಿಮಗ. ನಾ ಬಿದ್ರ ಯಾರ ಹೆಸರು ಬಂದೀತು ಅಂತ. ನಿಮ್ಮ ಅಂಜಿಕಿ ನನ್ನ ಮ್ಯಾಲ ಹೊದಿಸಬ್ಯಾಡ್ರಿ, ನನಗ ಸೆಕಿ ಆಗತೈತಿ."

ಬಾಬುಸಾಬರು ಮೊದಲು ನಕ್ಕರು. ಆಮೇಲೆ, "ಹಂಗಾದ್ರ ಬಾಯಾರ, ಸೊಂಟದ ಪಟ್ಟಿ ತಗದಬಿಡತೀನಿ. ಉಸುರು ಆಡತೈತಿ" ಎಂದು ಸೂಜಿ ಹುಡುಕಲು ಹೋದರು. ದತ್ತೋಬಾ ಮಾಸ್ತರರು ಪೆಟ್ಟಿಗೆಯ ಮೇಲೆ ಬೆರಳು ಓಡಿಸಿ, "ಶ್ರುತಿ ಕರಿ ನಾಲ್ಕು ಬಿಟ್ಟು ಕರಿ ಎರಡಕ್ಕ ಹಿಡೀತೀನಿ. ದನಿ ತಗ್ಗಿಸಿದ್ರೂ ಹಾಡು ತಗ್ಗೂದಿಲ್ಲ" ಎಂದರು. ಚನ್ನವೀರಪ್ಪನವರು ತಾವೇ ಹೋಗಿ ಸಿಂಹಾಸನ ಹೊತ್ತು ತಂದು ಕೊತ್ತಲದ ಮೇಲಿಟ್ಟರು. ರಾಣಿ ಕೂತೇ ಹಾಡಲಿ. "ಮುತ್ತಿಗಿ ಆದಾಗ ಸಿಂಹಾಸನ ಹೊತಗೊಂಡು ಕೊತ್ತಲಾ ಏರತಾರೇನ್ರಿ?" ಎಂದು ಮಾಸ್ತರರು ಕೇಳಿದರೆ, "ನಮ್ಮ ರಾಣಿ ಏರತಾಳ, ಯಾರಪ್ಪಂದೇನ ಹೋತು" ಎಂದರು. ನಾನು ರೆಕ್ಕೆಯಲ್ಲಿ ಗುಳಿಗೆ, ನೀರಿನ ತಂಬಿಗೆ ಹಿಡಿದು ನಿಲ್ಲುವುದೆಂದಾಯಿತು. ತಂಬಿಗೆಯನ್ನು ಸೇವಂತಕ್ಕನೇ ತಂದು ಕೊಟ್ಟರು. ಅವರು ವರ್ಷಗಟ್ಟಲೆ ಹಿಡಿದ ಅದೇ ಹಿತ್ತಾಳೆ ತಂಬಿಗೆ. ನಿಜವಾಗಿಯೂ ಭಾರ ಇತ್ತು.

ಮೂರನೆಯ ಸಲ ಬಾಲ ಹಿಡಿದೆವು. ಮೂರನೆಯದಕ್ಕೆ ಒಂದು ಪದ್ಧತಿಯಿದೆ. ಹಿಡಿದವರು ಕೈ ಬಿಡುವವರೆಗೂ ಅದು ಮುಗಿದಂತಲ್ಲ. ಪಾರ್ವತವ್ವ "ಹೂಂ" ಎಂದರು. ಎಳೆದೆವು. ಪರದೆ ಅಲುಗಿತು. ಗೇಣುದ್ದ ಎದ್ದಿತು. ಮುಂದಿನ ಸಾಲಿನ ಮಂದಿಯ ಕಾಲು, ಚೆಲ್ಲಿದ ಶೇಂಗಾ ಸಿಪ್ಪೆ ಕಂಡವು. ಆಚೆಯಿಂದ "ಹೋ" ಎಂಬ ಸದ್ದು ಬಂತು.

ಅಲ್ಲಿಗೆ ನಿಂತಿತು.

ಈಗ ಯಾರೂ ಕೇಳಬೇಕಾಗಿರಲಿಲ್ಲ. ನಾಲ್ಕು ಬಾಲ ಬಿಗಿಯಾಗಿ ನೇರ ನಿಂತಿದ್ದವು. ನನ್ನ ಕೈಯಲ್ಲಿದ್ದದ್ದು ಮಾತ್ರ ಸತ್ತ ಹಾವಿನಂತೆ ಜೋತಿತ್ತು. ನಾನು ಎಳೆಯುತ್ತಿದ್ದೆ, ದೇವರಾಣೆ, ಅಂಗೈ ಉರಿಯುವಷ್ಟು ಎಳೆಯುತ್ತಿದ್ದೆ. ಆದರೂ ಅದು ಜೋತಿತ್ತು. ಪಾರ್ವತವ್ವನ ಹಣೆಯಿಂದ ಬೆವರು ಮೂಗಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಕಂಪೌಂಡರ್, ನಂದು ಮುದುಕಿ ತೋಳು," ಎಂದರು ಅವರು ಹಲ್ಲು ಕಚ್ಚಿ. "ಭಾಳ ಹೊತ್ತು ತಡಿಯೂದಿಲ್ಲ."

ಸೇವಂತಕ್ಕ ನನ್ನ ಪಕ್ಕಕ್ಕೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರ ದನಿ ಔಷಧದ ಕಿಟಕಿಯಲ್ಲಿ ಮಾತಾಡಿದಂತೆಯೇ ಇತ್ತು.

"ತಮ್ಮಾ, ಗುಳಿಗಿ ಕೊಡೂ ಮುಂದ ನೀ ಎಷ್ಟ ಸಲ ಚೀಟಿ ನೋಡತಿ?"

"ಎರಡು. ಮೂರು. ಕೆಲವೊಮ್ಮಿ ಇನ್ನೊಂದಕ್ಕಾ."

"ಮಂದಿ ನಗತಾರ. ನಾ ನಕ್ಕಿಲ್ಲ. ಆದ್ರ ನೋಡಿ ನೋಡಿ ಕಡೀಕ ಏನ ಮಾಡತಿ?"

"ಕೊಡತೀನಿ."

"ಕೊಟ್ಟಮ್ಯಾಲ ಆ ಗುಳಿಗಿ ಯಾರದು?"

"ತಗೊಂಡವರದಕ್ಕಾ" ಎಂದೆ. ಅವರು, "ನೀ ಕೊಡದ ಇದ್ರ ಅದು ಔಷಧ ಅಲ್ಲೋ, ಬರೇ ಕಪಾಟು" ಎಂದರು. ಇನ್ನೇನೂ ಹೇಳದೆ ಹೋಗಿ ಪರದೆಯ ಹಿಂದೆ ತಮ್ಮ ಜಾಗದಲ್ಲಿ ನಿಂತರು. ಗೇಣುದ್ದ ಸಂದಿನಿಂದ ಬಂದ ಬೆಳಕು ಅವರ ಪಾದದ ಮೇಲೆ ಬಿದ್ದಿತ್ತು. ಹೊರಗಿನ ಮಂದಿಗೆ ಆ ಪಾದವಷ್ಟೇ ಕಾಣುತ್ತಿತ್ತು. ಅವರು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ನಾನು ಆ ಪಾದ ನೋಡಿದೆ. ಇಷ್ಟು ದಿನ ನಾನು ಬೇಡಿಕೊಂಡದ್ದೇನು? ಅವರು ಬದುಕಲಿ ಎಂದಲ್ಲ. ಅವರಿಗೇನಾದರೂ ಆದರೆ ಅದು ನನ್ನ ಕೈಯಿಂದ ಆಗದಿರಲಿ ಎಂದು. ಅವರ ಎದೆಯನ್ನು ಕಾಯುತ್ತಿದ್ದೇನೆ ಎಂದುಕೊಂಡು ನಾನು ನನ್ನ ಕಪಾಟಿನ ಕೀಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೆದರಿಕೆ ಆಗಲೂ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹೆದರಿಕೆಯ ಪಕ್ಕದಲ್ಲಿಯೇ, ಈ ಹೆಂಗಸು ಹಾಡುವುದನ್ನು ನನಗೆ ಕೇಳಬೇಕು ಎನ್ನಿಸಿತು. ಅಷ್ಟೇ.

ಬಾಲ ನನ್ನ ಮುಷ್ಟಿಯಲ್ಲಿ ಬಿಗಿಯಾಯಿತು. ಪರದೆ ಸರ್ರನೆ ಮೇಲೆ ಹೋಯಿತು. ಭರಕ್ಕೆ ಚನ್ನವೀರಪ್ಪನವರು ಹಿಂದಕ್ಕೆ ಬಿದ್ದರು. ಮಂದಿ ಎದ್ದು ನಿಂತು ಕೂಗಿತು. ಉಡಿಯಲ್ಲಿದ್ದ ಶೇಂಗಾ ನೆಲಕ್ಕೆ ಸುರಿದ ಸದ್ದು ರಂಗದವರೆಗೂ ಕೇಳಿಸಿತು.

ನಾಟಕ ಹೇಗಾಯಿತು ಎಂದು ನನ್ನನ್ನು ಕೇಳಬೇಡಿ. ನಾನು ರೆಕ್ಕೆಯಲ್ಲಿ ತಂಬಿಗೆ ಹಿಡಿದು ಅವರ ಉಸಿರನ್ನೇ ನೋಡುತ್ತಿದ್ದೆ. ಮಂದಿ ಎಲ್ಲಿ ನಕ್ಕಿತು, ಎಲ್ಲಿ ಚಪ್ಪಾಳೆ ಹೊಡೆಯಿತು ನೆನಪಿಲ್ಲ. ಕೊನೆಯ ದೃಶ್ಯ ಬಂತು. ಸೈನಿಕರು ಓಡಿದರು, ಮಂತ್ರಿ ಓಡಿದ, ದಾಸಿಯ ಪಾತ್ರದ ಹೊಸ ಹುಡುಗಿ ಓಡಿದಳು. ರಾಣಿ ಸಿಂಹಾಸನದ ಮೇಲೆ ಒಬ್ಬಳೇ ಉಳಿದಳು.

"ಯಾರಲ್ಲಿ?" ಎಂದರು ಸೇವಂತಕ್ಕ. ನಾಟಕದಲ್ಲಿದ್ದಂತೆ ಯಾರೂ ಬರಲಿಲ್ಲ. ಹಾಡು ಶುರುವಾಯಿತು.

ಆ ದನಿಯನ್ನು ಇಲ್ಲಿ ಬರೆಯಲು ನನಗೆ ಬಾರದು. ಮಾಸ್ತರರು ಹೇಳಿದ್ದು ನಿಜ, ದನಿ ತಗ್ಗಿದ್ದರೂ ಹಾಡು ತಗ್ಗಲಿಲ್ಲ. ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತ್ತು. ಎರಡನೆಯ ನುಡಿಯ ನಡುವೆ ದನಿ ನಿಂತಿತು. ಅವರ ಬಲಗೈ ಮೆಲ್ಲಗೆ ಕುಪ್ಪಸದ ಗುಂಡಿಯ ಹತ್ತಿರ ಹೋಯಿತು. ದತ್ತೋಬಾ ಮಾಸ್ತರರು ಒಂದೇ ಸ್ವರವನ್ನು ಹಿಡಿದು, ಬಿಡದೆ ಒತ್ತುತ್ತ ಕೂತರು. ಮಂದಿ ಅದನ್ನೂ ಹಾಡಿನೊಳಗಿನದೇ ಎಂದುಕೊಂಡಿತು.

ಹೋಗಲೋ ಬೇಡವೋ? ಹೋದರೆ ಅವರು ಜೀವಮಾನವೆಲ್ಲ ಕಾದ ಹಾಡನ್ನು ಊರಿನ ಮುಂದೆ ನಾನು ಕೆಡಿಸಿದಂತೆ. ಹೋಗದಿದ್ದರೆ? ಪಕ್ಕದಲ್ಲಿ ಪಾರ್ವತವ್ವ ನನ್ನ ತೋಳು ಹಿಡಿದಿದ್ದರು. ತಳ್ಳುತ್ತಿದ್ದರೋ ಎಳೆಯುತ್ತಿದ್ದರೋ ತಿಳಿಯಲಿಲ್ಲ.

ಸೇವಂತಕ್ಕ ಕತ್ತು ನೆಟ್ಟಗೆ ಮಾಡಿದರು. ಕಣ್ಣು ಮಂದಿಯ ಮೇಲಿಂದ ತೆಗೆಯದೆ ಮತ್ತೆ ಕೂಗಿದರು.

"ಯಾರಲ್ಲಿ?"

ಎರಡನೆಯ ಸಲ ಕೂಗುವುದು ನಾಟಕದಲ್ಲಿಲ್ಲ.

ನಾನು ಹೋದೆ. ಜೀವಮಾನದಲ್ಲಿ ರಂಗದ ಮೇಲೆ ಕಾಲಿಡದವನು, ದವಾಖಾನೆಯ ಅಂಗಿಯಲ್ಲಿ, ಹಿತ್ತಾಳೆ ತಂಬಿಗೆ ಎರಡೂ ಕೈಯಲ್ಲಿ ಹಿಡಿದು ಆ ಬೆಳಕಿನೊಳಗೆ ನಡೆದೆ. ಮಂದಿಯಲ್ಲಿ ಯಾರೋ ಬಿಕ್ಕಿದರು. ಆಮೇಲೆ ತಿಳಿಯಿತು, ಎಲ್ಲರೂ ಬಿಟ್ಟುಹೋದ ಮೇಲೂ ರಾಣಿಗೆ ಒಬ್ಬ ಆಳು ಉಳಿದ ಎಂದು ಅವರು ಅತ್ತಿದ್ದರಂತೆ. ತಂಬಿಗೆಯನ್ನು ಎಡಗೈಗೆ ಬದಲಿಸಿ, ಗುಳಿಗೆಯನ್ನು ಬಲ ಅಂಗೈಯಲ್ಲಿಟ್ಟು ಚಾಚಿದೆ. ಚೀಟಿ ನೋಡಲಿಲ್ಲ. ಸೇವಂತಕ್ಕ, ರಾಣಿಯರು ತಾಂಬೂಲ ತೆಗೆದುಕೊಳ್ಳುವಂತೆ, ಎರಡು ಬೆರಳಿನಿಂದ ಅದನ್ನೆತ್ತಿ ನಾಲಿಗೆಯ ಕೆಳಗೆ ಇಟ್ಟುಕೊಂಡರು. ತುಟಿ ಒದ್ದೆಯಾಗುವಷ್ಟು ನೀರು ಮುಟ್ಟಿಸಿಕೊಂಡರು. ಕಣ್ಣು ಮುಚ್ಚಿದರು. ಪೆಟ್ಟಿಗೆಯ ಆ ಒಂದು ಸ್ವರ ಹಾಗೆಯೇ ಇತ್ತು.

ಎಷ್ಟು ಹೊತ್ತಾಯಿತೋ. ಆಮೇಲೆ ಅವರ ತುಟಿ ಅಲುಗಿತು. ಹಾಡು ಎಂದುಕೊಂಡೆ. ನನಗಷ್ಟೇ ಕೇಳುವಂತೆ ಅಂದರು:

"ಸೊಂಟಾ ಬಗ್ಗಸೋ ತಮ್ಮಾ. ಕಣ್ಣು ಪಾದದ ಮ್ಯಾಲ ಇಡು. ರಾಣಿ ಮುಂದ ಹಿಂಗ ನಿಂದರತಾರೇನು?"

ನಾನು ಸೊಂಟ ಬಾಗಿಸಿದೆ. ಕಣ್ಣು ಅವರ ಪಾದದ ಮೇಲಿಟ್ಟೆ. ನನ್ನ ತಲೆಯ ಮೇಲೆ, ಬಿಟ್ಟಲ್ಲಿಂದಲೇ, ಹಾಡು ಶುರುವಾಯಿತು. ಹಿಂದಕ್ಕೆ ಸರಿಯಲು ನನಗೆ ಅಪ್ಪಣೆ ಸಿಗಲಿಲ್ಲ. ಆ ಭಾರದ ತಂಬಿಗೆ ಹಿಡಿದು ಕೊನೆಯ ನುಡಿಯವರೆಗೂ ನಾನು ಅಲ್ಲಿಯೇ ನಿಂತಿದ್ದೆ.